ನೈಟ್ರೋಜನ್ ಪೈಪಿಗೆ ಫೈಬರ್ ಸೆನ್ಸರ್: 6 ತಿಂಗಳು ಬಳಸಿದ ಮೇಲೆ

ಪೀಣ್ಯದ ನಮ್ಮ ಹೀಟ್ ಟ್ರೀಟ್‌ಮೆಂಟ್ ಘಟಕದಲ್ಲಿ ಇಂಡಕ್ಷನ್ ಫರ್ನೇಸ್ ಶುರುವಾದರೆ ಸಾಕು, ಪಕ್ಕದ ನೈಟ್ರೋಜನ್ ಪೈಪಿನ ಥರ್ಮೋಕಪಲ್ (ಬಿಸಿ ಅಳೆಯುವ ಲೋಹದ ತಂತಿ ಸೆನ್ಸರ್) ರೀಡಿಂಗ್ ಕುಣಿಯುತ್ತಿತ್ತು. ಅದಕ್ಕೇ ಫೈಬರ್ ಬ್ರ್ಯಾಗ್ ಗ್ರೇಟಿಂಗ್ ಸೆನ್ಸರ್ ಹಾಕಿಸಿದೆವು. ಗ್ರೇಟಿಂಗ್ ಅಂದರೆ ಗಾಜಿನ ಎಳೆಯೊಳಗೆ ಬರೆದ ಸೂಕ್ಷ್ಮ ಗೆರೆಗಳು, ಅವು ಒಂದು ತರಂಗಾಂತರದ ಬೆಳಕನ್ನಷ್ಟೇ ವಾಪಸ್ ಕಳಿಸುತ್ತವೆ. ಈಗ ಫರ್ನೇಸ್ ಓಡುವಾಗಲೂ ರೀಡಿಂಗ್ ಅಲುಗುತ್ತಿಲ್ಲ. ಒಳಗೆ ಓಡುವುದು ಬೆಳಕು, ಕರೆಂಟ್ ಅಲ್ವಲ್ಲ! 1550 ನ್ಯಾನೋಮೀಟರ್ ಬೆಳಕಿನಲ್ಲಿ 1 ಡಿಗ್ರಿ ಸೆಲ್ಸಿಯಸ್ ಏರಿದರೆ ವಾಪಸ್ ಬರುವ ತರಂಗಾಂತರ ಸುಮಾರು 10 ಪಿಕೋಮೀಟರ್ ಸರಿಯುತ್ತದೆ, ಅಷ್ಟನ್ನೂ ಫೈಬರ್ ಜೋಡಿಸಿದ ರೀಡರ್ ಬಾಕ್ಸ್ ಓದುತ್ತದೆ.

ಗ್ಯಾಸ್ ಹರಿವು ಅಳೆಯುವ ರೀತಿ ನನಗೆ ತುಂಬಾ ಇಷ್ಟವಾಯಿತು. ಎರಡು ಗ್ರೇಟಿಂಗ್ ಇವೆ. ಒಂದನ್ನು ಲೇಸರ್ ಬಿಸಿ ಮಾಡುತ್ತದೆ, ಇನ್ನೊಂದು ಗ್ಯಾಸಿನ ಬಿಸಿಯನ್ನಷ್ಟೇ ನೋಡುತ್ತದೆ. ಬಿಸಿ ಸಾರಿನ ಮೇಲೆ ಊದಿದ ಹಾಗೆ, ಗ್ಯಾಸ್ ಜೋರಾಗಿ ಹರಿದಷ್ಟೂ ಮೊದಲನೆಯದು ಜಾಸ್ತಿ ತಣ್ಣಗಾಗುತ್ತದೆ, ಆ ವ್ಯತ್ಯಾಸದಿಂದ ವೇಗ ಸಿಗುತ್ತದೆ. ಕಡಿಮೆ ಹರಿವನ್ನು ಚೆನ್ನಾಗಿ ಹಿಡಿಯುತ್ತದೆ. ವಾಲ್ವ್ ಪೂರ್ತಿ ತೆರೆದಾಗ ಸೂಕ್ಷ್ಮತೆ ಇಳಿಯುತ್ತದೆ.

ಫೈಬರನ್ನು ಎಳೆದು ಕಟ್ಟಿದರೆ ಮಾತ್ರ ಆ ಎಳೆತವನ್ನೂ ಬಿಸಿ ಅಂತಲೇ ತೋರಿಸುತ್ತದೆ. ಅಳವಡಿಸಲು ಬಂದವರು ಬಿಗಿಯಾಗಿ ಕ್ಲಾಂಪ್ ಮಾಡಿ ಹೋಗಿದ್ದರು, ಎರಡು ದಿನ ಸುಮ್ನೆ ಒದ್ದಾಡಿದೆವು. ಕನೆಕ್ಟರ್ ತುದಿಯಲ್ಲಿ ಚೂರು ಧೂಳು ಕೂತರೂ ಸಿಗ್ನಲ್ ಬೀಳುತ್ತದೆ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಲೇಬೇಕು. ಬಾಕ್ಸಿನ ಬೆಲೆಯೂ ಜಾಸ್ತಿ. ಒಂದೇ ಜಾಗ ಅಳೆಯಲು ಬೇಡ. ಒಂದೇ ಎಳೆಯಲ್ಲಿ ಹತ್ತಾರು ಕಡೆ ಅಳೆಯುವವರು ಧೈರ್ಯವಾಗಿ ತಗೊಳ್ಳಿ.