ರೇಡಿಯೊ ಮೊಬೈಲ್ ತಂತ್ರಾಂಶ: ನಾಲ್ಕು ತಿಂಗಳ ಬಳಕೆಯ ನಂತರ

ಬೆಂಗಳೂರಿನ ವಿಜಯನಗರದ ನಮ್ಮ ಮನೆ ತಾರಸಿಯಿಂದ ರಾಮನಗರದ ಗೆಳೆಯನಿಗೆ ಹವ್ಯಾಸಿ (ಹ್ಯಾಮ್) ರೇಡಿಯೊದ 145 ಮೆಗಾಹರ್ಟ್ಸ್‌ನಲ್ಲಿ ಮಾತು ತಲುಪುತ್ತಲೇ ಇರಲಿಲ್ಲ. ಬರೀ ಗರಗರ ಸದ್ದು. ಆಂಟೆನಾದ್ದೇ ತಪ್ಪು ಅಂತ ಸುಮ್ನೆ ಎರಡು ಸಲ ಬದಲಾಯಿಸಿದ್ದೆ.

ಆಮೇಲೆ ಸಿಕ್ಕಿದ್ದು ಕೆನಡಾದ ರೋಜರ್ ಕುಡೆ ಅವರ ಈ ‘ರೇಡಿಯೊ ಮೊಬೈಲ್’ ತಂತ್ರಾಂಶ. ಹವ್ಯಾಸಿಗಳಿಗೆ ಉಚಿತ. ಎರಡು ಜಾಗ ಗುರುತಿಸಿ, ಆಂಟೆನಾ ಎತ್ತರ ಮತ್ತು ಪವರ್ ಕೊಟ್ಟರೆ ನಡುವಿನ ನೆಲವನ್ನು ಅಡ್ಡ ಸೀಳಿ ತೋರಿಸುತ್ತದೆ. ನಮ್ಮ 40 ಕಿ.ಮೀ. ದಾರಿಯ ನಟ್ಟನಡುವೆ ಭೂಮಿ ದುಂಡಗಿರುವುದರಿಂದ ಬರುವ ಉಬ್ಬೇ 20 ಮೀಟರ್‌ಗಿಂತ ಜಾಸ್ತಿ, ಅಲ್ಲಿ ಮೊದಲ ಫ್ರೆನೆಲ್ ವಲಯ (ಅಲೆ ಸಲೀಸಾಗಿ ಸಾಗಲು ಆದಷ್ಟು ಖಾಲಿ ಇರಬೇಕಾದ ಜಾಗ) ಎರಡು ಆಂಟೆನಾಗಳ ನಡುವಿನ ನೇರ ಗೆರೆಯ ಸುತ್ತ ಸುಮಾರು 140 ಮೀಟರ್ ಹರಡಿರುತ್ತದೆ, ಸಾಲದ್ದಕ್ಕೆ ಅವನ ಮನೆ ಹತ್ತಿರದ ಬಂಡೆ ಗುಡ್ಡದ ನೆತ್ತಿ ಗೆರೆಯನ್ನೇ ಕತ್ತರಿಸಿತ್ತು! ಅದನ್ನು ತೆರೆಯ ಮೇಲೆ ನೋಡಿದಾಗ ಆದ ಖುಷಿ ಹೇಳತೀರದು. ಅವನು ಗುಡ್ಡ ದಾಟಿ ಬೆಂಗಳೂರಿನ ಕಡೆಯ ಬದಿಯ ಹೊಲಕ್ಕೆ ಹೋಗಿ ಕರೆದ, ಸ್ಪಷ್ಟವಾಗಿ ಕೇಳಿಸಿತು.

ಲೆಕ್ಕಕ್ಕೆ ಬಳಸುವುದು ನೆಲದ ಏರಿಳಿತ ನೋಡಿ ಅಲೆ ಎಷ್ಟು ಕುಂದುತ್ತದೆಂದು ಅಂದಾಜಿಸುವ ಲಾಂಗ್ಲಿ-ರೈಸ್ ಮಾದರಿ, 20 ಮೆಗಾಹರ್ಟ್ಸ್‌ನಿಂದ 20 ಗಿಗಾಹರ್ಟ್ಸ್‌ವರೆಗೆ. ಗುಡ್ಡದ ಅಂಚಿನಲ್ಲಿ ಅಲೆ ಬಾಗಿ ಇಳಿಯುವಾಗ ಆಗುವ ನಷ್ಟವೂ ಅದರಲ್ಲಿ ಸೇರಿದೆ.

ಒಂದು ಎಚ್ಚರ. ನಾನು ಹಾಕಿಕೊಂಡ ನೆಲದ ಎತ್ತರದ ಮಾಹಿತಿ 2000ರ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ಅಳೆದದ್ದು, ಸುಮಾರು 30 ಮೀಟರ್‌ಗೊಂದು ಚುಕ್ಕಿ. ಆಮೇಲೆ ಎದ್ದ ಅಪಾರ್ಟ್‌ಮೆಂಟ್‌ಗಳು ಅದರಲ್ಲಿ ಇಲ್ಲವಲ್ಲ, ಹಾಗಾಗಿ ಊರೊಳಗಿನ ದಾರಿಗೆ ಬಂದ ಉತ್ತರವನ್ನು ತಾರಸಿ ಹತ್ತಿ ಕಣ್ಣಲ್ಲೂ ನೋಡಿಕೊಳ್ಳಿ. ಮೆನುಗಳು ಹಳೇ ಕಾಲದವು, ಕಲಿಯಲು ಒಂದು ಭಾನುವಾರ ಬೇಕು.