ಬಳಕೆ ಸೂಚನೆ ಬರೆಸುವುದೋ, ಗುಂಪು ವರದಿಯೋ?

ಎಂಜಿನಿಯರಿಂಗ್ ಮಕ್ಕಳಿಗೆ ಸಂವಹನ ಕಲಿಸುವವರು ಸೆಮಿಸ್ಟರಿಗೆ ಒಂದೇ ದೊಡ್ಡ ಅಸೈನ್‌ಮೆಂಟ್ ಕೊಡಬಹುದಾದರೆ, ಮೊದಲ ಎರಡು ವರ್ಷದವರಿಗೆ ಬಳಕೆ ಸೂಚನೆಯೇ ಮೇಲು.

ವಿಷಯ ಚಿಕ್ಕದಿರಲಿ: ಮಲ್ಟಿಮೀಟರಿನಲ್ಲಿ ಪೆನ್ಸಿಲ್ ಸೆಲ್ಲಿನ ವೋಲ್ಟೇಜ್ ಅಳೆಯುವುದು, ಒಂದೇ ಪುಟ, ಹತ್ತು ಹೆಜ್ಜೆಯೊಳಗೆ. ಮುಂದಿನ ತರಗತಿಯಲ್ಲಿ ಮೀಟರ್ ಮುಟ್ಟದ ಇನ್ನೊಬ್ಬರು ಅದನ್ನು ಓದಿಕೊಂಡೇ ಅಳೆಯಬೇಕು. ಬರೆದವರು ಪಕ್ಕದಲ್ಲಿ ಬಾಯಿ ಬಿಡದೆ ಕೂತು, ಅವರ ಕೈ ಎಲ್ಲೆಲ್ಲಿ ತಡೆಯಿತೆಂದು ಗುರುತು ಹಾಕಿಕೊಳ್ಳಬೇಕು. ‘ಕೆಂಪು ವೈರನ್ನು ಸರಿಯಾದ ತೂತಿಗೆ ಹಾಕಿ’ ಎಂಬಲ್ಲಿ ಕೈ ನಿಂತೇ ನಿಲ್ಲುತ್ತದೆ. ಸರಿಯಾದದ್ದು ಯಾವುದು? ಕರೆಂಟ್ ಅಳೆಯುವ 10 ಆಂಪಿಯರ್ ತೂತಿಗೆ ಹಾಕಿದರೆ ಸೆಲ್ ಶಾರ್ಟ್ ಆಗುತ್ತದೆ. ಈ ಎಚ್ಚರಿಕೆಯನ್ನು ಹಲವರು ಕೊನೆಯಲ್ಲಿ ಬರೆಯುತ್ತಾರೆ. ಓದುವವರು ಅಷ್ಟರಲ್ಲಿ ಆ ಹೆಜ್ಜೆ ದಾಟಿರುತ್ತಾರೆ. ತಪ್ಪನ್ನು ಮೇಷ್ಟ್ರು ತೋರಿಸಬೇಕಿಲ್ಲ, ಕಣ್ಣೆದುರೇ ಕಾಣುತ್ತದೆ. ಅರ್ಧಕ್ಕಿಂತ ಹೆಚ್ಚು ಅಂಕ ತಿದ್ದಿದ ಪ್ರತಿಗಿರಲಿ, ಇಲ್ಲದಿದ್ದರೆ ಯಾರೂ ತಿದ್ದುವುದಿಲ್ಲ.

ಗುಂಪು ವರದಿಗೆ, ಉದಾಹರಣೆಗೆ ಹಾಸ್ಟೆಲಿಗೆ ಯಾವ ನೀರಿನ ಫಿಲ್ಟರ್ ಕೊಳ್ಳಬೇಕೆಂಬುದಕ್ಕೆ, ನಾಲ್ಕು ವಾರವಾದರೂ ಬೇಕು. ದರಪಟ್ಟಿ ತರಿಸುವುದು, ದಿನಕ್ಕೆಷ್ಟು ಲೀಟರ್ ಬೇಕೆಂದು ಲೆಕ್ಕ ಹಾಕುವುದು ಒಳ್ಳೆಯ ಅಭ್ಯಾಸವೇ. ಆದರೆ ಒಬ್ಬರು ಬರೆದು ಮೂವರು ಹೆಸರು ಹಾಕಿಸಿಕೊಳ್ಳುವ ಅಪಾಯವಿದೆ. ಪ್ರತಿಯೊಬ್ಬರಿಗೂ ಬೇರೆಯವರ ಭಾಗದ ಮೇಲೆ ಐದು ನಿಮಿಷ ಪ್ರಶ್ನೆ ಕೇಳಿ. ‘ಎರಡೂ ಫಿಲ್ಟರ್ ಚೆನ್ನಾಗಿವೆ’ ಎಂದು ಮುಗಿಸಿದ ವರದಿಯನ್ನು ವಾಪಸ್ ಕೊಡಿ. ಶಿಫಾರಸು ಮೊದಲ ಪುಟದಲ್ಲೇ ಇರಬೇಕು. ಪ್ರಾಜೆಕ್ಟ್ ಮಾಡುತ್ತಿರುವ ಕೊನೆಯ ವರ್ಷದವರಿಗೆ ಗುಂಪು ವರದಿಯೇ ಸರಿ.