ಬಿಳಿ ಕಣ್ಣು, ಕುರುಚು ರೆಕ್ಕೆ, ಎಬೊನಿ: ಕ್ಲಾಸಿಗೆ ಯಾವ ನೊಣ ಸಾಕಬೇಕು?

ದ್ವಿತೀಯ ಪಿಯು ಮಕ್ಕಳಿಗೆ ಅನುವಂಶೀಯತೆಯನ್ನು ಕಣ್ಣಾರೆ ತೋರಿಸಬೇಕು, ಆದರೆ ಸಾದಾ ನೊಣದ ಜೊತೆ ಒಂದೇ ಒಂದು ಮ್ಯುಟೆಂಟ್ (ಜೀನ್ ಬದಲಾಗಿ ರೂಪ ಬೇರೆಯಾದ) ತಳಿ ಸಾಕೋಕೆ ಆಗೋದು ಅಂದರೆ, ನಾನು ಕಣ್ಣುಮುಚ್ಚಿ ಬಿಳಿ ಕಣ್ಣಿನ ಹಣ್ಣಿನ ನೊಣವನ್ನೇ ಆರಿಸ್ತೀನಿ. ಕುರುಚು ರೆಕ್ಕೆಯದ್ದು (ವೆಸ್ಟಿಜಿಯಲ್), ಕಪ್ಪು ಮೈಯ ಎಬೊನಿ, ಬಿಳಿ ಕಣ್ಣು, ಈ ಮೂರನ್ನೂ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಸಾಕಿ, ಕೆಂಪು ಕಣ್ಣಿನ ಸಾದಾ ನೊಣದ ಜೊತೆ ಕ್ರಾಸ್ ಮಾಡಿಸಿ, ಮಕ್ಕಳ ಕೈಯಲ್ಲೇ ಎಣಿಸಿದ ಮೇಲೆ ಈ ಮಾತು ಹೇಳ್ತಿದ್ದೀನಿ. ನಮ್ಮೂರು ದಾವಣಗೆರೆ. ಲ್ಯಾಬಿಗೆ ಎಸಿ ಇಲ್ಲ, ಇನ್‌ಕ್ಯುಬೇಟರ್ ಇಲ್ಲ. ನಿಮ್ಮಲ್ಲಿ ಅವೆರಡೂ ಇದ್ದರೆ ನಿಮ್ಮ ಲೆಕ್ಕ ಬೇರೆ ಆಗಬಹುದು.

ನಾವು ಮೊದಲು ದುಡ್ಡು ಕೊಟ್ಟು ತರಿಸಿದ್ದು ಕುರುಚು ರೆಕ್ಕೆಯ ಕಿಟ್. ಆನ್‌ಲೈನ್‌ನಲ್ಲಿ ಸಿಕ್ಕಿತು, ಜೊತೆಗೆ ನೀರು ಬೆರೆಸಿದರೆ ಸಾಕು ಅನ್ನೋ ರೆಡಿ ಆಹಾರದ ಪುಡಿಯೂ ಇತ್ತು. ಆರಿಸಿಕೊಳ್ಳೋಕೆ ಕಾರಣ ಸುಲಭ. ಈ ನೊಣ ಹಾರಲ್ಲ. ಬಾಟಲ್ ಬೋರಲು ಹಾಕಿದರೂ ಬಿಳಿ ಹಾಳೆ ಮೇಲೆ ನಡೆದಾಡಿಕೊಂಡು ಇರುತ್ತೆ. ರೆಕ್ಕೆ ಇದೆಯೋ ಇಲ್ಲವೋ ಅನ್ನೋದು ಲೆನ್ಸ್ ಇಲ್ಲದೆ, ಹಿಂದಿನ ಬೆಂಚಿನವರಿಗೂ ಕಾಣುತ್ತೆ. ಈ ಒಂದು ವಿಷಯದಲ್ಲಿ ಉಳಿದೆರಡು ತಳಿಗಳು ಇದರ ಹತ್ತಿರಕ್ಕೂ ಬರಲ್ಲ.

ಆದರೆ ಕೊರಿಯರ್ ಬಂದಿದ್ದು ಮಾರ್ಚ್‌ನಲ್ಲಿ. ಅರ್ಧಕ್ಕರ್ಧ ನೊಣ ದಾರಿಯಲ್ಲೇ ಸತ್ತಿದ್ದವು. ಉಳಿದವು ಮೊಟ್ಟೆ ಇಟ್ಟವು, ಮರಿಹುಳು ಬಂದವು, ಪ್ಯೂಪ (ಚಿಪ್ಪಿನೊಳಗೆ ನೊಣವಾಗುವ ಹಂತ) ಆದವು, ಎಲ್ಲ ಸರಿ. ಹೊರಬಂದ ನೊಣಗಳನ್ನು ನೋಡಿದರೆ ಹಲವಕ್ಕೆ ರೆಕ್ಕೆ ಉದ್ದ! ಪೂರ್ತಿ ರೆಕ್ಕೆ ಅಲ್ಲ. ಅಂಚು ಕಚ್ಚಿಹೋದ ಹಾಗೆ, ಅರ್ಧಂಬರ್ಧ. ಈ ಜೀನಿನ ಗುಣವೇ ಹಾಗೆ. 25 ಡಿಗ್ರಿಯಲ್ಲಿ ಬೆಳೆದ ಮರಿಹುಳುವಿಗೆ ರೆಕ್ಕೆ ಬರೀ ಮೊಳಕೆಯಷ್ಟು. 30ರ ಆಚೀಚೆ ಬೆಳೆದದ್ದಕ್ಕೆ ಅದೇ ಜೀನ್ ಇದ್ದರೂ ರೆಕ್ಕೆ ಉದ್ದವಾಗುತ್ತೆ. "ಮ್ಯಾಮ್, ಇದನ್ನ ಯಾವ ಕಡೆ ಹಾಕ್ಲಿ?" ಅಂತ ಒಬ್ಬಳು ಬ್ರಷ್ ತುದಿಯಲ್ಲಿ ನೊಣ ಎತ್ತಿ ಹಿಡಿದು ಕೇಳಿದರೆ ಉತ್ತರ ಕೊಡೋದು ಕಷ್ಟ. ಜೀನ್ ಒಂದೇ ಇದ್ದರೂ ಪರಿಸರ ಬದಲಾದರೆ ರೂಪ ಬದಲಾಗುತ್ತೆ ಅನ್ನೋ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲ್ಲ, ಒಪ್ಪುತ್ತೀನಿ. ಆದರೆ 3:1 (ಎರಡನೇ ತಲೆಮಾರಿನಲ್ಲಿ ಮೂರು ಸಾದಾ ನೊಣಕ್ಕೆ ಒಂದು ಮ್ಯುಟೆಂಟ್) ಅಂದರೇನು ಅಂತ ಮೊದಲ ಸಲ ಎಣಿಸುತ್ತಿರುವ ಮಗುವಿಗೆ ಈ ಗೋಜಲು ಬೇಡ. ಸಾಲದ್ದಕ್ಕೆ, ಮೀಡಿಯಾ (ಬಾಟಲಿನ ತಳದ ಆಹಾರ) ಸ್ವಲ್ಪ ಒದ್ದೆಯಾದರೂ ಈ ನೊಣಗಳು ಅದಕ್ಕೇ ಅಂಟಿಕೊಂಡು ಸಾಯುತ್ತವೆ.

ಎಬೊನಿ ಬಗ್ಗೆ ಹೆಚ್ಚು ಹೇಳೋದಿಲ್ಲ. ಗಟ್ಟಿ ತಳಿ, ಚೆನ್ನಾಗಿ ಮರಿ ಮಾಡುತ್ತೆ. ಆದರೆ ಆಗತಾನೇ ಹೊರಬಂದ ನೊಣ ಯಾವುದಾದರೂ ಮೈ ಬಿಳಿಚಿಕೊಂಡೇ ಇರುತ್ತೆ, ಕಪ್ಪೋ ಕಂದೋ ಅಂತ ಗೊತ್ತಾಗೋಕೆ ಕಾಯಬೇಕು. ಒಂದೇ ಎಬೊನಿ ಜೀನ್ ಇರುವ ನೊಣವೂ ಸಾದಾ ನೊಣಕ್ಕಿಂತ ಒಂದು ಛಾಯೆ ಗಾಢ. ಮಕ್ಕಳು ಅಲ್ಲಿ ಜಗಳಕ್ಕೆ ಬೀಳುತ್ತಾರೆ.

ಬಿಳಿ ಕಣ್ಣಿಗೆ ಬರೋಣ. ಇದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ 1910ರಲ್ಲಿ ಕಂಡ ಅದೇ ಮ್ಯುಟೆಂಟ್. ಕೆಂಪು ಅಥವಾ ಬಿಳಿ, ನಡುವೆ ಏನೂ ಇಲ್ಲ. ನಮ್ಮ ಬಿಸಿಲು ಇದರ ಬಣ್ಣವನ್ನು ಬದಲಿಸಲ್ಲ. ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನ ಮೇಲೆ (ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ತಾಯಿಯಿಂದ ಬಂದ ಒಂದೇ), ಹಾಗಾಗಿ ತಾಯಿ ಯಾರು ಅನ್ನೋದರ ಮೇಲೆ ಫಲಿತಾಂಶವೇ ಬೇರೆ. ಕೆಂಪು ತಾಯಿ, ಬಿಳಿ ತಂದೆ ಆದರೆ ಮೊದಲ ತಲೆಮಾರು ಎಲ್ಲ ಕೆಂಪು. ಎರಡನೇ ತಲೆಮಾರಿನಲ್ಲಿ 3:1, ಬಿಳಿ ಕಣ್ಣಿನವೆಲ್ಲ ಗಂಡು. ಬಿಳಿ ತಾಯಿ, ಕೆಂಪು ತಂದೆ ಆದರೆ ಮೊದಲ ತಲೆಮಾರಿನಲ್ಲೇ ಹೆಣ್ಣೆಲ್ಲ ಕೆಂಪು, ಗಂಡೆಲ್ಲ ಬಿಳಿ. ಹತ್ತು ದಿನಕ್ಕೆ ಒಂದು ತಲೆಮಾರು ಬರುವ ನೊಣದಲ್ಲಿ ಎರಡು ಬಾಟಲ್ ಅಕ್ಕಪಕ್ಕ ಇಟ್ಟು ಇದನ್ನು ತೋರಿಸಿದರೆ, ಲಿಂಗಸಂಬಂಧಿ ಅನುವಂಶೀಯತೆಗೆ ಬೋರ್ಡಿನ ಮೇಲೆ ಚೌಕ ಬರೆಯೋ ಕೆಲಸ ಅರ್ಧ ಮುಗಿದ ಹಾಗೆ. ಕುರುಚು ರೆಕ್ಕೆಯ ಜೀನ್ ಎರಡನೇ ಕ್ರೋಮೋಸೋಮಿನಲ್ಲಿ, ಎಬೊನಿ ಮೂರನೆಯದರಲ್ಲಿ. ಅವೆರಡರಲ್ಲಿ ಈ ಪಾಠ ಸಿಗೋದೇ ಇಲ್ಲ.

ಎಣಿಕೆ ಸರಿಯಾಗಿ 3:1 ಬರಲಿಲ್ಲ ಅಂತ ಮಕ್ಕಳು ಮುಖ ಸಪ್ಪೆ ಮಾಡಿದಾಗ ನಾನು ಮಾರ್ಗನ್‌ನ ಸ್ವಂತ ಲೆಕ್ಕ ಬರೆದು ತೋರಿಸ್ತೀನಿ: ಎರಡನೇ ತಲೆಮಾರಿನಲ್ಲಿ 2459 ಕೆಂಪು ಹೆಣ್ಣು, 1011 ಕೆಂಪು ಗಂಡು, 782 ಬಿಳಿ ಗಂಡು. ಭಾಗಿಸಿ ನೋಡಿದರೆ 4:1ಕ್ಕಿಂತಲೂ ಆಚೆ. ಬಿಳಿ ಕಣ್ಣಿನವು ಬದುಕಿ ಉಳಿಯೋದು ಕಡಿಮೆ. ಆ ಸಂಖ್ಯೆಗಳನ್ನು ನೋಡಿದ ಮೇಲೆ ಯಾರೂ ತಮ್ಮ ಲೆಕ್ಕವನ್ನು ತಿದ್ದಿ ಸರಿಮಾಡೋಕೆ ಹೋಗಲ್ಲ. ನನಗೆ ಅದು ಬಹಳ ಮುಖ್ಯ.

ಈಗ ಮೂರೂ ತಳಿಗೆ ಸೇರಿದ ಒಂದೇ ತಲೆನೋವು: ವರ್ಜಿನ್ ಹೆಣ್ಣು ಹಿಡಿಯೋದು. ಹೆಣ್ಣು ನೊಣ ಒಮ್ಮೆ ಕೂಡಿದರೆ ಆ ವೀರ್ಯವನ್ನು ಹೊಟ್ಟೆಯಲ್ಲಿ ಶೇಖರಿಸಿಟ್ಟು ದಿನಗಟ್ಟಲೆ ಮೊಟ್ಟೆಗಳಿಗೆ ಬಳಸುತ್ತೆ. ಆದ್ದರಿಂದ ಕ್ರಾಸಿಗೆ ಹಾಕುವ ಹೆಣ್ಣು ಅದಕ್ಕೂ ಮೊದಲು ಯಾವ ಗಂಡಿನ ಜೊತೆಗೂ ಕೂಡಿರಬಾರದು. ಪ್ಯೂಪದಿಂದ ಹೊರಬಂದ ಮೇಲೆ 25 ಡಿಗ್ರಿಯಲ್ಲಿ ಸುಮಾರು 8 ಗಂಟೆ ಹೆಣ್ಣು ಕೂಡಲ್ಲ. ನೊಣಗಳು ಹೆಚ್ಚಾಗಿ ಹೊರಬರೋದು ಬೆಳಗಿನ ಹೊತ್ತು. ಅಂದರೆ ಬೆಳಿಗ್ಗೆ ಬೇಗ ಬಂದು ಬಾಟಲ್ ಪೂರ್ತಿ ಖಾಲಿ ಮಾಡಬೇಕು, ಸಂಜೆಯೊಳಗೆ ಹೊಸದಾಗಿ ಬಂದ ಹೆಣ್ಣುಗಳನ್ನು ಬೇರೆ ಮಾಡಬೇಕು. ನಮ್ಮಲ್ಲಿ ಅಟೆಂಡರ್ ಬೀಗ ತೆಗೆಯೋದು ಒಂಬತ್ತೂವರೆಗೆ. ಭಾನುವಾರ ತೆಗೆಯೋದೇ ಇಲ್ಲ. ಮಧ್ಯೆ ಯಾರದೋ ಬದಲಿಗೆ ಇನ್ನೊಂದು ಕ್ಲಾಸ್ ಬಿದ್ದರೆ ಆ ದಿನದ ನೊಣಗಳೆಲ್ಲ ವ್ಯರ್ಥ.

ಈ ಕಾಟದಿಂದ ಪಾರಾಗೋಕೆ ನನಗೆ ಒಗ್ಗಿದ ದಾರಿ ಪ್ಯೂಪ ಕೀಳೋದು. ಬಾಟಲಿನ ಗೋಡೆಗೆ ಅಂಟಿದ ಪ್ಯೂಪಗಳಲ್ಲಿ ಚಿಪ್ಪಿನೊಳಗಿಂದ ಎರಡು ಕಪ್ಪು ಗೆರೆ ಕಾಣಿಸಿದರೆ ಅದು ಮಡಿಚಿದ ರೆಕ್ಕೆ. ಇನ್ನೇನು ಹೊರಬರುತ್ತೆ ಅಂತ ಅರ್ಥ. ಒದ್ದೆ ಬ್ರಷ್‌ನಿಂದ ಅಂಟು ಬಿಡಿಸಿ, ಚೂರು ಮೀಡಿಯಾ ಇರುವ ಟ್ಯೂಬಿಗೆ ಒಂದೊಂದನ್ನೇ ಹಾಕಿ ಹತ್ತಿ ಮುಚ್ಚಿದರೆ ಮುಗೀತು. ಒಂಟಿಯಾಗಿ ಹುಟ್ಟಿದ ಹೆಣ್ಣು ವರ್ಜಿನ್ ಆಗಿರಲೇಬೇಕು, ಭಾನುವಾರವಾದರೂ ಸರಿ. ಸಾದಾ ತಳಿಯ ಪ್ಯೂಪದಲ್ಲಿ ಕೆಂಪು ಕಣ್ಣು ಚಿಪ್ಪಿನ ಮೂಲಕವೇ ಹೊಳೆಯುತ್ತೆ, ಬಿಳಿ ತಳಿಯದರಲ್ಲಿ ಹೊಳೆಯಲ್ಲ. ಟ್ಯೂಬ್ ಅದಲುಬದಲಾದರೆ ಅಲ್ಲೇ ಗೊತ್ತಾಗುತ್ತೆ.

ಇನ್ನೊಂದು ಉಪಾಯ, ಮ್ಯುಟೆಂಟನ್ನೇ ತಾಯಿ ಮಾಡೋದು. ಬಿಳಿ ತಾಯಿ, ಕೆಂಪು ತಂದೆ ಕ್ರಾಸಿನಲ್ಲಿ ಬಿಳಿ ಕಣ್ಣಿನ ಹೆಣ್ಣುಮರಿಗಳು ಕಾಣಿಸಿಕೊಂಡರೆ ತಾಯಿ ಮೊದಲೇ ತನ್ನ ತಳಿಯ ಗಂಡಿನ ಜೊತೆ ಕೂಡಿತ್ತು ಅಂತ ಸಾಕ್ಷಿ ಸಿಕ್ಕಿತು. ಆ ಬಾಟಲ್ ಪಕ್ಕಕ್ಕಿಡಿ. (ಸಾವಿರಾರಕ್ಕೊಂದು ನಿಜವಾದ ಅಪವಾದ ಬರುತ್ತೆ, ಅದನ್ನೇ ಹಿಡಿದು ಮಾರ್ಗನ್‌ನ ಶಿಷ್ಯ ಕ್ಯಾಲ್ವಿನ್ ಬ್ರಿಡ್ಜಸ್ ಜೀನ್ ಇರುವುದು ಕ್ರೋಮೋಸೋಮಿನ ಮೇಲೇ ಅಂತ ತೋರಿಸಿದ್ದು.) ಮೊದಲ ತಲೆಮಾರನ್ನು ಒಡಹುಟ್ಟಿದವುಗಳ ಜೊತೆಗೇ ಬಿಡುವುದರಿಂದ ಅಲ್ಲಿ ವರ್ಜಿನ್ ಚಿಂತೆ ಇಲ್ಲ.

ಆಹಾರದ ವಿಷಯದಲ್ಲಿ ರೆಡಿ ಪುಡಿ ನನಗೆ ಹಿಡಿಸಲಿಲ್ಲ. ಸೆಖೆಯಲ್ಲಿ ಬೇಗ ಒಣಗಿ ಬಾಟಲ್ ಗೋಡೆ ಬಿಟ್ಟು ಬಂತು, ಬೆಲೆಯೂ ಜಾಸ್ತಿ. ರವೆ-ಬೆಲ್ಲವೇ ವಾಸಿ: ಒಂದು ಲೀಟರ್ ನೀರಿಗೆ 100 ಗ್ರಾಂ ಗೋಧಿ ರವೆ, 100 ಗ್ರಾಂ ಬೆಲ್ಲ, 10 ಗ್ರಾಂ ಅಗರ್, ಗಂಟು ಕಟ್ಟದಂತೆ ಕೈಯಾಡಿಸಿ, ಕುದಿಸಿ ಇಳಿಸಿದ ಮೇಲೆ ಬೂಸ್ಟು ಹಿಡಿಯದಿರಲು 7.5 ಎಂಎಲ್ ಪ್ರೊಪಿಯಾನಿಕ್ ಆಮ್ಲ. ವಾಸನೆ ಜೋರು, ಕಿಟಕಿ ತೆಗೆದಿಡಿ. ಬರೀ ಬಾಳೆಹಣ್ಣು ಸಾದಾ ನೊಣ ಹಿಡಿಯೋಕೆ ಸರಿ, ಸಾಕೋಕೆ ಅಲ್ಲ.

ಎಣಿಸುವಾಗ ನೊಣಗಳಿಗೆ ಮಂಪರು ಬರಿಸೋಕೆ ಈಥರ್ ಬೇಡ, ಐಸ್ ಸಾಕು.

ತಳಿ ಬೇಕಾದವರು ಕೊರಿಯರ್ ಕಿಟ್‌ಗಿಂತ ಮೊದಲು ಹತ್ತಿರದ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ವಿಚಾರಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಡ್ರೊಸೊಫಿಲ (ಇದೇ ಹಣ್ಣಿನ ನೊಣ) ಸ್ಟಾಕ್ ಸೆಂಟರೇ ಇದೆ. ನಮ್ಮ ಬಿಳಿ ಕಣ್ಣಿನ ತಳಿ ಬಂದದ್ದು ಒಂದು ವಿಶ್ವವಿದ್ಯಾಲಯದ ಲ್ಯಾಬಿನಿಂದಲೇ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದೆ, ಒಂದೂ ಸಾಯಲಿಲ್ಲ.

ಲ್ಯಾಬ್ ತಂಪಾಗಿದ್ದು, ಲೆನ್ಸ್ ಇಲ್ಲದ ಹೈಸ್ಕೂಲ್ ಮಕ್ಕಳಿಗೆ ತೋರಿಸೋದಾದರೆ ಕುರುಚು ರೆಕ್ಕೆ ತಗೊಳ್ಳಿ, ಮಲೆನಾಡಿನವರಿಗೆ ಚೆನ್ನಾಗಿ ಒಗ್ಗೀತು. ನಾನಂತೂ ಮುಂದಕ್ಕೆ ಹಳದಿ ಮೈ, ಬಿಳಿ ಕಣ್ಣು ಎರಡೂ ಒಟ್ಟಿಗಿರುವ ತಳಿಗೆ ಕೇಳಿಟ್ಟಿದ್ದೀನಿ. ಪಠ್ಯಪುಸ್ತಕದಲ್ಲಿ ಆ ಎರಡು ಜೀನ್‌ಗಳ ನಡುವೆ ಮರುಸಂಯೋಜನೆ (ಒಟ್ಟಿಗಿದ್ದ ಜೀನ್‌ಗಳು ಬೇರೆಯಾಗಿ ಹೊಸ ಜೋಡಿ ಆಗೋದು) 1.3% ಅಂತ ಇದೆ. 300 ನೊಣ ಎಣಿಸಿದರೆ ಹಾಗೆ ಜೋಡಿ ಬದಲಾದವು ನಾಲ್ಕು ಸಿಕ್ಕಾವು. ನವೆಂಬರ್‌ನಲ್ಲಿ ಬಿಸಿಲು ಇಳಿದ ಮೇಲೆ ಶುರು ಮಾಡಬೇಕು.